ಮೂಲಗೇಣಿ

ಕರೆಂಟು ಹೋಗಿ ಬಂತೆಂದರೆ
ಚಾವಡಿಯ ಕಂಪ್ಯೂಟರಿಗೆ ಬಿಡಾರ ಬದಲು.
ನಿನ್ನೆ ನೂರಮೂರು, ಇವತ್ತು ನೂರೇಳು.
ಒಳಕೋಣೆಯ ಲ್ಯಾಪ್‌ಟಾಪಿನಲ್ಲಿ ಕರಾರುಪತ್ರ ಟೈಪು ಮಾಡಿ
ನಾನು ಪ್ರಿಂಟ್ ಒತ್ತಿದರೆ
ಅದು ಹಳೆಯ ಬಾಗಿಲು ಬಡಿದು ಬಡಿದು ಸುಮ್ಮನಾಗುತ್ತದೆ.
ಚಾವಡಿಯಲ್ಲಿ ಪ್ರಿಂಟರು
ಮುನಿಸಿಕೊಂಡ ಭಾವನ ಹಾಗೆ, ಬಾಯಿ ಬಿಡದೆ.

ಕೇಬಲ್ ಬಿಲ್ಲಿಗೆ ಬಂದ ನೌಶಾದನನ್ನು ಕೇಳಿದೆ.
"ಅದು ರೌಟರ್ ಕೊಡುವ ಅಡ್ರೆಸ್ ಅಲ್ವಾ ಸಪಲ್ಯರೇ,
ಲೀಸಿಗೆ ಕೊಡುವುದು. ಇಪ್ಪತ್ನಾಲ್ಕು ಗಂಟೆ.
ಆಮೇಲೆ ಯಾರಿಗೆ ಸಿಕ್ಕಿತೋ ಅವರದ್ದು."

ಲೀಸು!
ಮೂವತ್ತೆಂಟು ವರ್ಷ ಜಪ್ಪುವಿನ ಇದೇ ಜಗಲಿಯಲ್ಲಿ
ದಸ್ತಾವೇಜು ಬರೆದವನಿಗೆ
ಇಷ್ಟು ತಡವಾಗಿ ಹೇಳುವುದೇ ಮಾರಾಯ?
ಇದು ಚಾಲಗೇಣಿ.
ಒಡೆಯನಿಗೆ ಮನಸ್ಸಿದ್ದಷ್ಟು ದಿನ.
ಚಾಲಗೇಣಿಯವ ತೆಂಗು ನೆಡುವುದಿಲ್ಲ,
ಬಸಳೆ ಚಪ್ಪರ ಹಾಕುತ್ತಾನೆ.

ನಮ್ಮ ಈ ಐದು ಸೆಂಟ್ಸು ಮೂಲಗೇಣಿ.
ವರ್ಷಕ್ಕೆ ಮೂರೂವರೆ ರೂಪಾಯಿ
ಸೆರಗಿನ ತುದಿಗೆ ಕಟ್ಟಿಕೊಂಡು ಹೋಗುತ್ತಿದ್ದಳು ಅಮ್ಮ.
ರಶೀದಿ ಹರಿದು ಕೊಡಲು ಒಡೆಯರಿಗೇ ನಾಚಿಕೆ,
ಪುಸ್ತಕದ ಬೆಲೆ ಅದಕ್ಕಿಂತ ಹೆಚ್ಚು.
ಆದರೂ ಬಿಡದೆ ತರುತ್ತಿದ್ದಳು.

ಭಾನುವಾರ ಮಧ್ಯಾಹ್ನ ಬಂಗುಡೆ ಪುಳಿಮುಂಚಿ ಉಂಡು
ಕನ್ನಡಕ ಒರೆಸಿ ಕೂತೆ.
ಸೆಟ್ಟಿಂಗ್ಸ್, ನೆಟ್‌ವರ್ಕ್, ಒಳಗೆ, ಇನ್ನೂ ಒಳಗೆ.
'ಆಟೊಮ್ಯಾಟಿಕ್' ಬಿಡಿಸಿ 'ಮ್ಯಾನುವಲ್' ಮಾಡಿದೆ.
ಖಾಲಿ ಚೌಕಗಳು ತೆರೆದವು, ಹೊಸ ಛಾಪಾ ಕಾಗದದಂತೆ.

ಐಪಿ: ೧೯೨.೧೬೮.೧.೫೦.
ನೂರರಿಂದ ಮೇಲೆ ರೌಟರಿನ ಹಂಚಿಕೆ,
ಅಲ್ಲಿ ಕೈ ಹಾಕಬೇಡಿ ಎಂದಿದ್ದ ನೌಶಾದ್.
ಇನ್ನೊಬ್ಬನ ವರ್ಗಕ್ಕೆ ಬೇಲಿ ಹಾಕಿದರೆ ಏನಾಗುತ್ತದೆಂದು
ನನಗೆ ಹೇಳಬೇಕೆ.

ಸಬ್‌ನೆಟ್ ಮಾಸ್ಕ್: ಇನ್ನೂರೈವತ್ತೈದು ಮೂರು ಸಲ, ಕೊನೆಗೊಂದು ಸೊನ್ನೆ.
ಇದು ಚಕ್ಕುಬಂದಿ.
ಪೂರ್ವಕ್ಕೆ ಯಶವಂತಿಯ ಮೊಬೈಲು, ಪಶ್ಚಿಮಕ್ಕೆ ಟೀವಿ,
ಉತ್ತರಕ್ಕೆ ಮಹಡಿಯ ನರ್ಸಿಂಗ್ ಹುಡುಗಿಯರ ಮೂರು ಫೋನು,
ದಕ್ಷಿಣಕ್ಕೆ ಗೋಡೆ.
ಗೇಟ್‌ವೇ: ಹೊರಹೋಗುವ ಕಾಲುದಾರಿಯ ಹಕ್ಕು.
ಡಿಎನ್‌ಎಸ್: ಎಂಟು ಎಂಟು ಎಂಟು ಎಂಟು,
ಯಾವ ಹೆಸರಿಗೆ ಯಾವ ಸರ್ವೆ ನಂಬ್ರ ಎಂದು ಬಲ್ಲ ಶಾನುಭೋಗ.
ಅವನನ್ನು ಮಾತ್ರ ನಾನು ಕಂಡವನಲ್ಲ.

ಸೇವ್ ಒತ್ತಿದೆ.
ಇಂಟರ್ನೆಟ್ ಇಲ್ಲ ಎಂದಿತು.
ಓದಿ ನೋಡಿದೆ, ಸರಿ ಇತ್ತು. ಮತ್ತೆ ಓದಿದೆ, ಸರಿಯೇ.
ಮೂರನೇ ಸಲ ಬೆರಳಿಟ್ಟು ಓದಿದಾಗ ಕಂಡಿತು:
ಗೇಟ್‌ವೇಯಲ್ಲಿ ೧೬೮ರ ಜಾಗಕ್ಕೆ ೧೮೬.

ಇಂಥದ್ದೇ ಒಂದು ಅದಲುಬದಲಿಗೆ
ಕಂಕನಾಡಿಯ ಅಣ್ಣತಮ್ಮಂದಿರಿಬ್ಬರು
ಒಂಬತ್ತು ವರ್ಷ ಕೋರ್ಟು ಹತ್ತಿ ಇಳಿದರು.
ಬರೆದವ ನಾನು.
ಯಶವಂತಿಗೂ ಹೇಳಿಲ್ಲ.

ತಿದ್ದಿದೆ.
ಗೋಡೆಯಲ್ಲಿ, ಹಾಲಿನ ಲೆಕ್ಕದ ಪಕ್ಕ,
ಪೆನ್ಸಿಲಿನಲ್ಲಿ ನಂಬ್ರ ಬರೆದೆ.
ಪರೀಕ್ಷೆಗೆಂದು ಮೈನ್ ಸ್ವಿಚ್ಚನ್ನೇ ಆರಿಸಿದೆ.
ಒಳಗಿನಿಂದ ಯಶವಂತಿ ತುಳುವಿನಲ್ಲಿ ಏನೋ ಅಂದಳು,
ಬರೆಯುವಂಥದ್ದಲ್ಲ.
ದೀಪ ಬಂತು, ಫ್ಯಾನು ಬಂತು,
ರೌಟರಿನ ಹಸಿರು ಕಣ್ಣು ಒಂದೊಂದಾಗಿ.
ಐವತ್ತು.
ಅಲ್ಲೇ ಕೂತಿದೆ, ಎದ್ದಿಲ್ಲ.

ಆಗ ಪ್ರಿಂಟರು ಕೆಮ್ಮಿತು.
ಗುರುವಾರದಿಂದ ದಾರಿ ಕಾಣದೆ ನಿಂತಿದ್ದ ಹಾಳೆ
ಬಿಸಿಬಿಸಿಯಾಗಿ ಹೊರಬಂತು:
ಐರಿನ್ ಬಾಯಿಯ ಬಾಡಿಗೆ ಕರಾರು,
ಹನ್ನೊಂದು ತಿಂಗಳ ಅವಧಿಗೆ ಮಾತ್ರ.

ಸಂಜೆ ಬಂದರು. ಇದು ಅವರ ಆರನೆಯ ಕರಾರು,
ಆರೂ ನಾನೇ ಬರೆದದ್ದು, ಆರು ಬೇರೆ ಮನೆ.
'ಖಾಯಂ ವಿಳಾಸ' ಎಂಬ ಗೆರೆಯ ಮೇಲೆ ಬೆರಳಿಟ್ಟು
"ಇಲ್ಲಿ ಎಂತ ಬರೆಯುವುದು ಸಪಲ್ಯರೇ?" ಎಂದರು.
ಪೆನ್ನು ಕೊಡಲು ಹೋದವ
ಪೆನ್ಸಿಲು ಕೊಟ್ಟೆ.