ಭಾನುವಾರದ ಬಿಲ್ಲು

ಚಾಮರಾಜಪೇಟೆಯ ಸಂಜೆ ಕಾಲೇಜು, ಆರೂವರೆ,
ಎರಡನೇ ಮಹಡಿಯ ಲ್ಯಾಬು.
ಹದಿನೆಂಟು ಕಂಪ್ಯೂಟರಿಗೆ ಮೂವತ್ತೊಂದು ಮಕ್ಕಳು;
ಮೆಡಿಕಲ್ ಶಾಪಿನಿಂದ, ಡೆಲಿವರಿ ಬೈಕಿನಿಂದ,
ಗಾರ್ಮೆಂಟಿನ ಗೇಟಿನಿಂದ ನೇರ ಬಂದವರು,
ಒಂದು ಕೀಬೋರ್ಡಿಗೆ ಇಬ್ಬರ ಬೆರಳು.

ಮೊನ್ನೆ ಕಂಪನಿಯವನೊಬ್ಬ ಬಂದು ತೋರಿಸಿ ಹೋದ:
ಬಿಲ್ಲಿಗೆ ಮೊಬೈಲು ಹಿಡಿದರೆ ಸಾಕು,
ತಾರೀಖು, ತೆರಿಗೆ, ಮೊತ್ತ ತಾವೇ ನಡೆದು ಹೋಗಿ
ತಂತಮ್ಮ ಖಾತೆಯಲ್ಲಿ ಕೂರುತ್ತವೆ.
"ಇನ್ನು ಜರ್ನಲ್ ಯಾಕೆ ಕಲಿಸ್ತೀರಿ ಮೇಡಂ?" ಅಂದ,
ಕಾಫಿ ಕುಡಿದ, ಲೋಟ ಕಿಟಕಿಯಲ್ಲಿಟ್ಟು ಹೋದ.

ನಾನು ಕಲಿತದ್ದು ಕೆಂಪು ಗೆರೆಯ ಪುಸ್ತಕದಲ್ಲಿ.
ವ್ಯತ್ಯಾಸ ಒಂಬತ್ತರಿಂದ ಭಾಗವಾದರೆ
ಎಲ್ಲೋ ಎರಡು ಅಂಕಿ ಅದಲುಬದಲಾಗಿವೆ ಎಂದು
ಸಾಲಿಗೆ ಬೆರಳಿಟ್ಟು ಹುಡುಕುವ ವಿದ್ಯೆ.
ಆ ಒಂಬತ್ತಕ್ಕೀಗ ಕೆಲಸವಿಲ್ಲ.
ನನಗಿನ್ನೂ ಏಳು ವರ್ಷ ಸರ್ವೀಸಿದೆ.

ಇವತ್ತು ಹಳೆಯ ಬಿಲ್ಲಿನ ಕಟ್ಟು ಕೊಟ್ಟೆ,
ಗೆಳತಿಯ ಆಫೀಸಿನದು, ಕೊಂಡವರ ಹೆಸರು ಅಳಿಸಿದ್ದು,
ಆರು ವರ್ಷದಿಂದ ಇದೇ ಕಟ್ಟು, ಇದೇ ಪಾಠ.
ಇನ್ನೂರ ಹನ್ನೆರಡು ಬಿಲ್ಲು;
ಫ್ಯಾನು ನಾಲ್ಕು ಸುತ್ತು ತಿರುಗುವಷ್ಟರಲ್ಲಿ
ಸಾಲಾಗಿ ಹಸಿರು ಟಿಕ್ಕು. ತಾಳೆಯಾಯಿತು.
ಮಕ್ಕಳು ಬ್ಯಾಗು ಎತ್ತಿಕೊಂಡರು.

ಸೆಲ್ವರಾಣಿ ಮಾತ್ರ ಎದ್ದಿಲ್ಲ.
"ಮಿಸ್, ಈ ನಟ್ಟು ಬೋಲ್ಟಿನ ಬಿಲ್ಲು ಭಾನುವಾರದ್ದು."
ಇರಲಿ, ಅಂದೆ.
"ಎಸ್ಪಿ ರೋಡಿನ ಆ ಗಲ್ಲಿ ಭಾನುವಾರ ತೆಗೆಯಲ್ಲ ಮಿಸ್.
ನಮ್ಮ ಮಾವ ಅಲ್ಲೇ ಲೋಡಿಂಗು. ಅವತ್ತು ಹುಡುಗರು
ಷಟರಿನ ಮೇಲೆ ಸೀಮೆಸುಣ್ಣದಲ್ಲಿ ಸ್ಟಂಪು ಬರೆದು
ಕ್ರಿಕೆಟ್ ಆಡ್ತಾರೆ."

ಲೆಕ್ಕ ಸರಿ. ತೆರಿಗೆ ಸರಿ. ಸಹಿಯೂ ಇದೆ.
ಮುಚ್ಚಿದ ಬಾಗಿಲಿನಿಂದ ನಲವತ್ತು ಕೇಜಿ ಬೋಲ್ಟು
ಹೊರಗೆ ಬಂದದ್ದು ಹೇಗೆಂದು
ಯಂತ್ರ ಕೇಳಲಿಲ್ಲ.
ಆರು ವರ್ಷ ನಾನೂ ಕೇಳಲಿಲ್ಲ.

ಮೆಟ್ಟಿಲಿಳಿದವರೂ ತಿರುಗಿ ಬಂದು ಬಗ್ಗಿ ನೋಡಿದರು.
ಡೆಲಿವರಿಯ ಟೀಶರ್ಟಿನಲ್ಲೇ ಇದ್ದ ಇರ್ಷಾದ್
ಕೀಬೋರ್ಡು ಎಳೆದುಕೊಂಡು ಒಂದೇ ಸಾಲು ಟೈಪಿಸಿದ:
ಅದೇ ಗಲ್ಲಿ, ಬರೀ ಭಾನುವಾರಗಳು.
"ಇನ್ನೂ ಮೂರಿದೆ ಮಿಸ್!"
ಹುಡುಕಿದ್ದು ಯಂತ್ರವೇ, ಕಣ್ಣು ಮಿಟುಕಿಸುವುದರಲ್ಲಿ.

ಎಂಟೂಕಾಲು. ಬೀಗದ ಗೊಂಚಲು ಹಿಡಿದು
ಅಟೆಂಡರ್ ಹೊಂಬಾಳಯ್ಯ ದೀಪ ಆರಿಸಲು ಬಂದು ನಿಂತ.
ತಾಳಪ್ಪಾ, ಅಂದೆ,
ಇನ್ನೂ ತಾಳೆಯಾಗಿಲ್ಲ.