ಶ್ರೀನಗರದಲ್ಲಿ ಹಿಮದ ಪಾಠ

ಬಸ್ಸಿನ ಬೋರ್ಡು ನೋಡಿ ಹತ್ತಿದವರಿಗೆ ಮೊದಲೇ ಹೇಳಿಬಿಡುತ್ತೇನೆ:
ಇದು ಆ ಶ್ರೀನಗರವಲ್ಲ.
ಇಲ್ಲಿ ಹನುಮಂತನಗರದ ಗುಡ್ಡವೇ ಹಿಮಾಲಯ,
ಜನವರಿಯ ಚಳಿಗೆ ಒಂದು ಸ್ವೆಟರೇ ಜಾಸ್ತಿ.

ತಾರಸಿಯ ಮೇಲೆ ಐದು ಜನ, ಮುಂದಿನ ವಾರ ಹೊರಟವರು.
ಹೊಸ ಸ್ಕೀ, ಹೊಸ ಸಲಿಕೆ, ಬೆಲೆಚೀಟಿ ಇನ್ನೂ ಕಿತ್ತಿಲ್ಲ.
ನನ್ನ ಹತ್ತಿರ ಹಳೆ ಮಂಚದ ಒಂದು ಹಲಗೆ,
ಎರಡು ಕಿಲೊ ರವೆ, ಒಂದು ಕಿಲೊ ಸಕ್ಕರೆ,
ಮೂರು ಕಿಲೊ ಅಕ್ಕಿಹಿಟ್ಟು.

ಪಕ್ಕದ ತಾರಸಿಯಿಂದ ಮುನಿರತ್ನಮ್ಮ:
"ಏನ್ರೀ, ಸಕ್ಕರೆ ಅಚ್ಚು ಹುಯ್ತೀರಾ?"
ಹೂಂ ಎಂದೆ. ಪೂರ್ತಿ ಸುಳ್ಳೂ ಅಲ್ಲ.

ಕೆಳಗೆ ರವೆ. ಮೊದಲು ಬಿದ್ದದ್ದು, ನೆಲಕ್ಕಂಟಿದ್ದು.
ಅದರ ಮೇಲೆ ಸಕ್ಕರೆ, ಒಂದು ಬೆರಳು ದಪ್ಪ.
ನೆಲದ ಬಿಸಿ ಕೆಳಗಿಂದ, ಬಯಲ ಚಳಿ ಮೇಲಿಂದ,
ನಡುವೆ ಸಿಕ್ಕ ಹಿಮ ಹೀಗೇ ಹರಳಾಗುತ್ತದೆ.
ಒಂದರ ಕೈ ಒಂದು ಹಿಡಿಯದ ಹರಳು;
ಒಂದೇ ವಠಾರ, ಮಾತಿಲ್ಲ ಕತೆಯಿಲ್ಲ.
ಮೇಲೆ ಅಕ್ಕಿಹಿಟ್ಟು, ಅಂಗೈಯಿಂದ ಒತ್ತಿ ಒತ್ತಿ:
ಮೊನ್ನೆಯ ಗಾಳಿ ತಂದು ಪೇರಿಸಿದ್ದು. ಬಲು ಚೆಂದ.
ಕಾಲಿಟ್ಟರೆ ಸಿಮೆಂಟಿನಷ್ಟು ನಂಬಿಕೆ.

ಸಲಿಕೆಯ ಬದಲು ದೋಸೆ ಮಗುಚುವ ಕೈ.
ಮಣಿಕಟ್ಟಿನಿಂದ ಹತ್ತು ಏಟು,
ಮೊಣಕೈಯಿಂದ ಹತ್ತು, ಭುಜದಿಂದ ಹತ್ತು.
ಎಷ್ಟನೆಯದಕ್ಕೆ, ಎಲ್ಲಿ, ಬರೆದುಕೊಳ್ಳಿ.
ಇಮ್ತಿಯಾಜ್ ಬಡಿದ. ಹದಿಮೂರಕ್ಕೆ
ಸಕ್ಕರೆಯ ಗೆರೆಯಲ್ಲೇ ಜಾರಿತು, ಚಾಕುವಿನಿಂದ ಕೊಯ್ದಂತೆ.
ಎಲ್ಲರೂ ಚಪ್ಪಾಳೆ.

ಚಪ್ಪಾಳೆ ಬೇಡ ಅಂದೆ.
ಮತ್ತೆ ಪೇರಿಸಿ ಹಲಗೆ ಎತ್ತುತ್ತ ಹೋದೆ.
ಇಪ್ಪತ್ತು ಡಿಗ್ರಿ: ಏನೂ ಇಲ್ಲ.
ಇಪ್ಪತ್ತೈದು: ನಾಲ್ಕು ಕಾಳು ಉರುಳಿದವು.
ಮೂವತ್ತು ದಾಟಿದ ಮೇಲೆ ಮಾತು ಕಡಿಮೆ ಮಾಡಿ.
ಮೂವತ್ತೆಂಟು ಕಣ್ಣಿಗೆ ಹಬ್ಬ, ಸ್ಕೀಗೆ ಬಲು ರುಚಿ,
ಹೆಚ್ಚಿನವರು ಹೋಗುವುದೂ ಅಲ್ಲೇ.
ಒಬ್ಬಾತ ಆಗಲೇ ಫೋನಿನಲ್ಲಿ ಅಳೆಯತೊಡಗಿದ್ದ
ಮೆಟ್ಟಿಲ ಕೈಪಿಡಿಯ ಓರೆ, ಕೆಳಗಿನ ರಸ್ತೆಯ ಇಳುಕಲು.

"ಮೇಡಂ, ಮೂವತ್ತು ಏಟಿಗೂ ಬೀಳದಿದ್ದರೆ?"
ರೋಸ್ಲಿನ್ ಕೇಳಿದ್ದು.

ಆ ಪ್ರಶ್ನೆಗೆ ನನ್ನ ಹತ್ತಿರ ಒಂದು ಹೆಸರಿದೆ. ದೇಚಮ್ಮ.
ಗುಂಡಿ ತೋಡಿದೆವು, ಬಡಿದೆವು, ಮೂವತ್ತಕ್ಕೂ ಅಲುಗಲಿಲ್ಲ.
ಪುಸ್ತಕದಲ್ಲಿ ಪೆನ್ಸಿಲು ಗುರುತು ಅವಳದೇ, ದುಂಡಕ್ಷರ.
ಗುಂಡಿ ತನ್ನ ಮಟ್ಟಿಗೆ ನಿಜ ಹೇಳಿತ್ತು.
ನಲವತ್ತು ಹೆಜ್ಜೆ ಆಚೆಯದನ್ನು ನಾವು ಕೇಳಲಿಲ್ಲ,
ಅದಾಗಿ ಹೇಳಲೂ ಇಲ್ಲ,
ನಾವು ಅದರ ಮೇಲೆ ನಿಲ್ಲುವ ತನಕ.

ಕಾಲಡಿಯಿಂದ ಒಂದು ಸದ್ದು:
ಹೂಂ.
ಕತೆ ಕೇಳುವ ಮಗು ನಿದ್ದೆಗಣ್ಣಲ್ಲಿ ಅನ್ನುತ್ತದಲ್ಲ, ಹಾಗೆ.
ಕೇಳಿಸಿತಾ, ಎಂದೆ.
ಹೂಂ, ಅಂದಳು ದೇಚಮ್ಮ.

ಇದಿಷ್ಟನ್ನೂ ಅವರಿಗೆ ಹೇಳಲಿಲ್ಲ.
ಬೀಳದಿದ್ದರೆ ಅದು ಪರವಾನಗಿಯಲ್ಲ,
ಬೆಟ್ಟ ಹೂಂಗುಟ್ಟಿದರೆ ಕತೆ ಅಲ್ಲಿಗೇ ನಿಲ್ಲಿಸಿ
ಬಂದ ಹೆಜ್ಜೆಯಲ್ಲೇ ವಾಪಸ್ಸು, ಎಂದಷ್ಟೇ.
ಬರೆದುಕೊಂಡರು. ಕಾಫಿ ಕುಡಿದು ಹೋದರು.

ಹಲಗೆಯನ್ನು ನೀರಿನ ಟ್ಯಾಂಕಿಗೆ ಒರಗಿಸಿ ಬಿಟ್ಟಿದ್ದೆ,
ಇಪ್ಪತ್ತೆಂಟರ ಆಸುಪಾಸು.
ಬೆಳಿಗ್ಗೆ ಪೈಪಿನಗುಂಟ ಕೆಂಪಿರುವೆಯ ಸಾಲು,
ಒಂದೊಂದರ ಬಾಯಲ್ಲೂ ಒಂದು ಹರಳು.
ಮೇಲಿನ ಬಿಳುಪು ಬಿರುಕಿಲ್ಲದೆ ನಿಂತಿದೆ.
ಒಳಗೆ ಎಷ್ಟು ಉಳಿದಿದೆಯೋ.

ಮಣಿಕಟ್ಟಿನಿಂದ ಒಂದು, ಎಂದು ಬೆರಳೆತ್ತಿದೆ.

"ಆ ಹಿಟ್ಟು ಬಿಸಾಕ್ತೀರಾ? ಕೋಳಿಗಾದ್ರೂ ಆಯ್ತದೆ."
ಮುನಿರತ್ನಮ್ಮನ ಪಾತ್ರೆ ಗೋಡೆಯ ಮೇಲೆ ಬಂದು ಕೂತಿತ್ತು,
ಕೈ ಈಚೆ ಚಾಚಿತ್ತು.
ತಾಳಿ, ಎಂದೆ.
ಇನ್ನೂ ಮುಟ್ಟಬೇಡಿ.