ನೆರೆಯವನ ಗಡ್ಡ

ತೇಮಾ ಬಂದರಿನ ಎರಡನೆಯ ಗೇಟಿನೆದುರು
ಲಾರ್ಟೆಯ ಕ್ಷೌರದಂಗಡಿ. ನಾನಲ್ಲಿ ಕೂದಲು ಗುಡಿಸುವ ಹುಡುಗ.
ಹಲಗೆಯ ಮೇಲೆ ಹನ್ನೆರಡು ತಲೆಗಳ ಚಿತ್ರ, ತಲೆಗೊಂದು ನಂಬರು;
ಬಂದವರು ನಂಬರು ಹೇಳಿ ಕೂರುವರು.
ಆ ಆಗಸ್ಟಿನಲ್ಲಿ ಮಾತ್ರ
ಹನ್ನೆರಡು ತಲೆಗೂ ಒಂದೇ ತಲೆನೋವು:
ಲೈಬೀರಿಯಾಕ್ಕೆ ನಮ್ಮ ಸೈನ್ಯ ಹೋಗಬೇಕೋ, ಬೇಡವೋ.

ರೇಡಿಯೋ ಕೆಮ್ಮಿ ಕೆಮ್ಮಿ ಹೇಳುತ್ತಿತ್ತು:
ರಾಜಧಾನಿಯಲ್ಲಿ ನೀರಿಲ್ಲ, ಅಕ್ಕಿಯಿಲ್ಲ,
ಚರ್ಚಿನೊಳಗೆ ಅವಿತವರನ್ನೂ…
ಲಾರ್ಟೆ ಅದರ ಕಿವಿ ಹಿಂಡಿದ.

‘ನೆರೆಯವನ ಗಡ್ಡಕ್ಕೆ ಬೆಂಕಿ ಬಿದ್ದರೆ
ನಿನ್ನ ಗಡ್ಡದ ಬಳಿ ನೀರಿಟ್ಟುಕೋ, ಅಂದಿದ್ದಾರೆ ಹಿರಿಯರು,’
ಎಂದರು ಅಂಪೋಫೋ ಮೇಷ್ಟ್ರು, ಕೆನ್ನೆ ತುಂಬ ನೊರೆ.
‘ನಿನ್ನ ಗಡ್ಡದ ಬಳಿ! ಕೇಳಿಸಿತೇ?
ಅವನ ಮೇಲೆ ಸುರಿ ಎನ್ನಲಿಲ್ಲ.’
‘ಉರಿಯುವುದು ಅಲ್ಲಿ, ನೀರಿರುವುದು ಇಲ್ಲಿ,
ಕೊಡದಲ್ಲಿಟ್ಟು ಪೂಜೆ ಮಾಡೋಣವೇ ಮೇಷ್ಟ್ರೇ?’
ಅಂದ ಹಡಗಿಗೆ ಮೂಟೆ ಹೊರುವ ಕ್ವಾಯೆ.
‘ಹೋಗುವವರೆಲ್ಲ ನೀರು ಹೊತ್ತೇ ಹೋಗುತ್ತಾರೇನೋ!
ಅಲ್ಲಿ ರಬ್ಬರಿದೆ, ವಜ್ರವಿದೆ.
ಬೆಂಕಿ ಬಿದ್ದ ಮನೆಯಲ್ಲಿ ಗಳ ಹಿರಿಯುವವರೂ ಇರುತ್ತಾರಪ್ಪ.’

ಸಾರ್ಜೆಂಟ್ ಅಬಾಂಗಾ, ಕಾಂಗೋ ಕಂಡು ಬಂದವನು,
ಎರಡು ಬೆರಳಿಲ್ಲದ ಕೈ ಎತ್ತಿದ:
‘ಹೋಗಲಿ. ಬೇಗ ಹೋಗಿ ಬೇಗ ಬರಲಿ.’
‘ನೀನು ಎಷ್ಟು ದಿನಕ್ಕೆಂದು ಹೋಗಿದ್ದೆ?’
‘ಆರು ವಾರ.’
‘ಬಂದದ್ದು?’
‘ನಂಬರು ಐದು,’ ಎಂದು ಅವನು ಕುರ್ಚಿ ಹತ್ತಿದ.

ಹೊಸ್ತಿಲಲ್ಲಿ ದೇದೆಯ್, ತಲೆಯ ಮೇಲೆ ಹೊಗೆಮೀನಿನ ಬೋಗುಣಿ,
ಮಗ ಟೆಟ್ಟೆ ಐದನೆಯ ಬೆಟಾಲಿಯನ್ನಿನಲ್ಲಿ.
‘ಹೋಗಲಿ ಅನ್ನುವವರು
ಮೊದಲು ತಮ್ಮ ಮಕ್ಕಳ ಹೆಸರು ಹೇಳಿ, ಆಮೇಲೆ ಹೋಗಲಿ ಅನ್ನಿ.’
ಸ್ವಲ್ಪ ಹೊತ್ತು ಕತ್ತರಿಯೊಂದೇ ಮಾತಾಡಿತು.

ಮೂಲೆಯ ಬೆಂಚಿನಲ್ಲಿ ನ್ಯೇಮಾ ಇದ್ದ,
ಹಿಂದಿನ ವಾರ ಹಡಗಿನಿಂದ ಇಳಿದವನು, ಯಾರದೋ ಅಂಗಿ ತೊಟ್ಟು.
‘ಮನೆ ನಿನ್ನದಪ್ಪಾ, ನೀನೇ ಹೇಳು.’
ಅವನು ನೆಲ ನೋಡುತ್ತ ಹೇಳಿದ:
‘ಹೋಗುವುದಾದರೆ ನಾಳೆಯೇ ಹೋಗಿ.
ಇಲ್ಲವಾದರೆ, ಬರುತ್ತೇವೆಂದು ರೇಡಿಯೋದಲ್ಲಿ ಹೇಳಬೇಡಿ.
ಜೂನಿನಲ್ಲಿ ಯಾರೋ ಅಂದರು, ದೊಡ್ಡ ಹಡಗು ಬರುತ್ತದೆಯೆಂದು.
ನಮ್ಮಕ್ಕ ಕಟ್ಟಿದ ಗಂಟು ಬಿಚ್ಚಿದಳು,
ಕಾಡಿಗೆ ಯಾಕೆ, ಕಾಯೋಣ ಅಂದಳು.’
ಮುಂದೆ ಹೇಳಲಿಲ್ಲ. ಅವನ ಸರದಿ ಬಂದಾಗ
ನಂಬರೂ ಹೇಳಲಿಲ್ಲ. ‘ಎಲ್ಲ ತೆಗೆದುಬಿಡಿ.’
ಲಾರ್ಟೆ ಕಾಸು ಮುಟ್ಟಲಿಲ್ಲ.

ಹಡಗು ಹೊರಟಿತು. ದಕ್ಕೆಯಲ್ಲಿ ಬ್ಯಾಂಡು, ಬಾವುಟ.
ಕ್ವಾಯೆಗೆ ಅಂದು ದುಪ್ಪಟ್ಟು ಕೂಲಿ.
ಅಂಪೋಫೋ ಮೇಷ್ಟ್ರು ಚಪ್ಪಾಳೆ ತಟ್ಟಿದ್ದನ್ನು
ನಾನು ಕ್ರೇನಿನ ಕಂಬದಿಂದ ಕಂಡೆ.

ಈಗ ಅಂಗಡಿ ನನ್ನದು. ಯಾರನ್ನು ಕೇಳಿದರೂ
‘ನಾನು ಅಂದೇ ಬೇಡವೆಂದಿದ್ದೆ’ ಅನ್ನುತ್ತಾರೆ.
ಮರುದಿನ ಅದೇ ಬಾಯಿ:
‘ನಾವು ಹೋಗದಿದ್ದರೆ ಅಲ್ಲಿ ಯಾರು ಉಳಿಯುತ್ತಿದ್ದರು?’
ಎರಡೂ ನಿಜವಿರಬಹುದು.
ಗುಡಿಸಿ ರಾಶಿ ಹಾಕಿದ ಮೇಲೆ
ಯಾವ ಕೂದಲು ಯಾರದೆಂದು ನಾನು ಹೇಳಲಾರೆ.

ಟೆಟ್ಟೆ ಎರಡನೆಯ ಮಳೆಗಾಲಕ್ಕೆ ಬಂದ.
ಕೈಕಾಲು ನೆಟ್ಟಗಿದ್ದವು. ದೇದೆಯ್ ಮೀನು ಹಂಚಿದಳು.
ಕುರ್ಚಿಯಲ್ಲಿ ಕೂತ; ಲಾರ್ಟೆ ಕತ್ತಿಯನ್ನು
ಚರ್ಮದ ಪಟ್ಟಿಗೆ ಒಮ್ಮೆ ತೀಡಿದ, ಅಷ್ಟೇ.
ಹುಡುಗ ಗೋಡೆಗೆ ಬೆನ್ನು ಹಚ್ಚಿ ನಿಂತಿದ್ದ,
ಕೊರಳಿಗೆ ಕಟ್ಟಿದ ಬಿಳಿ ಬಟ್ಟೆ ಹಾಗೇ ಇತ್ತು.
ಅವನ ತಾಯಿ ಬಂದು ಗಂಟು ಬಿಚ್ಚಿದಳು.

ಅವನ ಗಡ್ಡ ಈಗ ಎದೆ ಮುಟ್ಟಿದೆ, ಅರ್ಧ ನರೆತಿದೆ.
ದಿನಾ ಬರುತ್ತಾನೆ, ಮೂಲೆಯ ಬೆಂಚಿನಲ್ಲಿ ಕೂರುತ್ತಾನೆ.
ರೇಡಿಯೋದಲ್ಲಿ ಇಂದು ಬೇರೊಂದು ದೇಶ,
ಹೋಗಬೇಕೋ, ಬೇಡವೋ.
ಜನ ಅವನತ್ತ ತಿರುಗುವ ಮುಂಚೆ
ನಾನು ಅದರ ಕಿವಿ ಹಿಂಡುತ್ತೇನೆ.